ಬುಲೆಟಿನ್ ಬೋರ್ಡಿನ ಸಂದೇಶಗಳಲ್ಲಿ ಕೀವರ್ಡ್ ಹುಡುಕುವ ಯುಟಿಲಿಟಿ: ನಾವು ಹೊಂದಿಸಿಕೊಂಡ ಬಗೆ

ಬುಲೆಟಿನ್ ಬೋರ್ಡ್ ಎಂದರೆ ದೂರದಿಂದ ಸೇರಿಕೊಂಡು ಸಂದೇಶ ಓದಲು, ಬರೆಯಲು ಬರುವ ಕಂಪ್ಯೂಟರ್. ಅಲ್ಲಿನ ಸಂದೇಶಗಳನ್ನು ಜಾಲಾಡುವ ಈ ಕೆಲಸದಲ್ಲಿ ಪದ ಹುಡುಕುವುದೇ ಎಲ್ಲಕ್ಕಿಂತ ಸುಲಭ. ಹತ್ತು ಸಾಲಿನ ಪ್ರೋಗ್ರಾಂ ಸಾಕು. ಯಾವ ಪಠ್ಯದೊಳಗೆ ಹುಡುಕಬೇಕು, ಎಲ್ಲಿಂದ ಶುರುಮಾಡಬೇಕು, ಸಿಕ್ಕಿದ್ದನ್ನು ಎಲ್ಲಿ ಬರೆದಿಡಬೇಕು ಎಂಬ ಮೂರು ಪ್ರಶ್ನೆಗಳಿಗೇ ನಮ್ಮ ಶ್ರಮವೆಲ್ಲ ಹೋಯಿತು. ಹಾಗಾಗಿ ಇಲ್ಲಿ ಬರೆದಿರುವುದರಲ್ಲಿ ಹೆಚ್ಚಿನ ಪಾಲು ಅವುಗಳ ಬಗ್ಗೆಯೇ ಇದೆ.

1978ರಲ್ಲಿ ಶಿಕಾಗೋದಲ್ಲಿ ವಾರ್ಡ್ ಕ್ರಿಸ್ಟೆನ್ಸನ್ ಮತ್ತು ರ‍್ಯಾಂಡಿ ಸೂಸ್ ಶುರುಮಾಡಿದ ಬೋರ್ಡಿಗೆ ಒಂದು ಸಲಕ್ಕೆ ಒಬ್ಬರೇ ಕರೆ ಮಾಡಬಹುದಿತ್ತು; ಬಂದ ಸಂದೇಶಗಳನ್ನೆಲ್ಲ ನಡೆಸುವವರೇ ಓದಿ ಮುಗಿಸಬಹುದಿತ್ತು. 1984ರಲ್ಲಿ ಟಾಮ್ ಜೆನ್ನಿಂಗ್ಸ್ ಬೋರ್ಡುಗಳನ್ನು ಒಂದಕ್ಕೊಂದು ಜೋಡಿಸುವ ಫಿಡೋನೆಟ್ ಕಟ್ಟಿ, ಅದರ ಮೇಲೆ ಸಾರ್ವಜನಿಕ ಚರ್ಚೆ ಹಂಚುವ ಎಕೋಮೇಲ್ ಬಂದಾಗಿನಿಂದ ಆ ಕಾಲ ಮುಗಿಯಿತು. ಎಲ್ಲೋ ಒಂದು ನೋಡ್‌ನಲ್ಲಿ (ಜಾಲದ ಒಂದು ಬೋರ್ಡಿನಲ್ಲಿ) ಬರೆದದ್ದು ಆ ಏರಿಯಾವನ್ನು, ಅಂದರೆ ಆ ಚರ್ಚೆಯ ವಿಭಾಗವನ್ನು, ತರಿಸಿಕೊಳ್ಳುವ ಎಲ್ಲ ಬೋರ್ಡುಗಳಿಗೂ ಹರಡುತ್ತದೆ. ಇವತ್ತಿಗೂ ಬೋರ್ಡ್ ನಡೆಸುವವರು ಹತ್ತಾರು ಏರಿಯಾಗಳನ್ನು ತರಿಸಿಕೊಳ್ಳುತ್ತಾರೆ. ತಮ್ಮ ಬೋರ್ಡಿನ ಹೆಸರು ಎಲ್ಲಾದರೂ ಬಂತೇ, ತಾವು ಬಳಸುವ ಮೇಲರ್ (ಬೋರ್ಡುಗಳ ನಡುವೆ ಅಂಚೆ ಸಾಗಿಸುವ ಪ್ರೋಗ್ರಾಂ) ಬಗ್ಗೆ ಯಾರಾದರೂ ದೂರಿದರೇ, ಮಾಡರೇಟರ್ ಆಗಿರುವ ಏರಿಯಾದಲ್ಲಿ ನಿಯಮ ಮೀರಿದ ಜಾಹೀರಾತು ನುಸುಳಿತೇ ಎಂದು ತಿಳಿಯಲು ಹೀಗೆ ಹುಡುಕುವ ಸ್ಕ್ಯಾನರ್ ಬೇಕೇ ಬೇಕು.

ಮೊದಲು ಮೆಸೇಜ್ ಬೇಸ್ (ಬೋರ್ಡು ಸಂದೇಶಗಳನ್ನು ಕೂಡಿಡುವ ಫೈಲುಗಳು) ಯಾವ ಮಾದರಿಯದು ಎಂದು ನೋಡಿಕೊಳ್ಳಿ. ಒಂದು ಸಂದೇಶಕ್ಕೆ ಒಂದು ಫೈಲ್ ಇರುವ ಹಳೆಯ ಫಿಡೋ ಮಾದರಿಯಲ್ಲಿ ಮೊದಲ 190 ಬೈಟ್ ಹೆಡರ್, ಅಂದರೆ ಸಂದೇಶದ ವಿವರ. ಅದರಲ್ಲಿ ಕಳಿಸಿದವರ ಹೆಸರಿಗೆ 36, ಪಡೆಯುವವರ ಹೆಸರಿಗೆ 36, ವಿಷಯಕ್ಕೆ 72, ದಿನಾಂಕಕ್ಕೆ 20 ಬೈಟ್. ಉಳಿದದ್ದೆಲ್ಲ ಪಠ್ಯ, ಕೊನೆಗೊಂದು ಸೊನ್ನೆ ಬೈಟ್. ಕಲಿಯಲು ಇದಕ್ಕಿಂತ ಸರಳವಾದದ್ದಿಲ್ಲ. ಹಡ್ಸನ್ ಮಾದರಿ ಹೀಗಲ್ಲ: ಪಠ್ಯವೆಲ್ಲ ಒಂದೇ ಫೈಲಿನಲ್ಲಿ 256 ಬೈಟ್‌ಗಳ ತುಂಡುಗಳಾಗಿ ಕೂತಿರುತ್ತದೆ, ಪ್ರತಿ ತುಂಡಿನ ಮೊದಲ ಬೈಟ್ ಅದರ ಉದ್ದ. ತುಂಡು ತುಂಡಾಗಿ ಓದಿ ಹುಡುಕಿದರೆ ಎರಡು ತುಂಡುಗಳ ಗಡಿಯಲ್ಲಿ ಸೀಳಿದ ಪದ ಸಿಗುವುದೇ ಇಲ್ಲ. ಉದ್ದದ ಬೈಟ್‌ಗಳನ್ನು ತೆಗೆದು, ಇಡೀ ಸಂದೇಶ ಜೋಡಿಸಿಕೊಂಡ ಮೇಲೆಯೇ ಹುಡುಕಬೇಕು.

ನಾವು ಹೊಂದಿಸಿದ್ದು ಜಾಮ್ ಮಾದರಿಗೆ. ಪ್ರತಿ ಏರಿಯಾಗೆ ನಾಲ್ಕು ಫೈಲ್: ಹೆಡರಿನ ಜೆಎಚ್‌ಆರ್, ಪಠ್ಯದ ಜೆಡಿಟಿ, ಇಂಡೆಕ್ಸಿನ ಜೆಡಿಎಕ್ಸ್, ಯಾರು ಎಲ್ಲಿಯವರೆಗೆ ಓದಿದರು ಎನ್ನುವ ಜೆಎಲ್‌ಆರ್. ಜೆಎಚ್‌ಆರ್‌ನ ಮೊದಲ 1024 ಬೈಟ್ ಇಡೀ ಬೇಸಿನ ಮಾಹಿತಿ. ಸ್ಕ್ಯಾನರಿಗೆ ಅದರಲ್ಲಿ ಎರಡೇ ಸಂಖ್ಯೆ ಮುಖ್ಯ. ಒಂದು, ಬೇಸ್ ಬದಲಾದಾಗಲೆಲ್ಲ ಏರುವ ಕೌಂಟರ್. 8ನೇ ಬೈಟಿನಿಂದ ನಾಲ್ಕು ಬೈಟ್. ಹಿಂದಿನ ಸಲ ನೋಡಿದಾಗ ಇದ್ದಷ್ಟೇ ಇದ್ದರೆ ಆ ಏರಿಯಾವನ್ನು ಮುಟ್ಟದೆ ಮುಂದಕ್ಕೆ ಹೋಗಬಹುದು. ಇನ್ನೊಂದು, ಬೇಸಿನ ಮೊದಲ ಸಂದೇಶದ ಸಂಖ್ಯೆ, 20ನೇ ಬೈಟಿನಿಂದ. ಜೆಡಿಎಕ್ಸ್‌ನಲ್ಲಿ ಪ್ರತಿ ಸಂದೇಶಕ್ಕೆ 8 ಬೈಟ್: ಮೊದಲ ನಾಲ್ಕು ಪಡೆಯುವವರ ಹೆಸರಿನಿಂದ ಲೆಕ್ಕ ಹಾಕಿದ ಸಿಆರ್‌ಸಿ ಎಂಬ ತಾಳೆಸಂಖ್ಯೆ, ಆಮೇಲಿನ ನಾಲ್ಕು ಜೆಎಚ್‌ಆರ್‌ನಲ್ಲಿ ಹೆಡರ್ ಇರುವ ಜಾಗ. ಇಂಡೆಕ್ಸಿನಲ್ಲಿ ಎಷ್ಟನೆಯದೋ ಅದಕ್ಕೆ ಮೊದಲ ಸಂಖ್ಯೆ ಕೂಡಿಸಿದರೆ ಸಂದೇಶದ ಸಂಖ್ಯೆ ಬರುತ್ತದೆ, ಎಣಿಕೆ ಸೊನ್ನೆಯಿಂದ. ಎಲ್ಲ ಸಂಖ್ಯೆಗಳಲ್ಲೂ ಕಡಿಮೆ ಬೆಲೆಯ ಬೈಟ್ ಮೊದಲು ಬರುತ್ತದೆ.

ಜಾಗದ ಸಂಖ್ಯೆ 4294967295 ಎಂದಿದ್ದರೆ ಅಲ್ಲಿ ಸಂದೇಶವಿಲ್ಲ, ದಾಟಿ. ಇದ್ದರೆ ಅಲ್ಲಿಗೆ ಹೋಗಿ 76 ಬೈಟ್ ಹೆಡರ್ ಓದಿ, ಮೊದಲ ಮೂರು ಅಕ್ಷರ ಜಾಮ್ ಸಹಿಯೇ ಎಂದು ನೋಡಿಕೊಳ್ಳಿ. ಗುಣಲಕ್ಷಣದ ಸಂಖ್ಯೆಯಲ್ಲಿ ಅತಿ ಮೇಲಿನ ಬಿಟ್ ಹತ್ತಿದ್ದರೆ ಸಂದೇಶ ಅಳಿಸಿಹೋಗಿದೆ. ಬೆಲೆ 4 ಇರುವ ಬಿಟ್ ಹತ್ತಿದ್ದರೆ ಖಾಸಗಿ. ಎರಡನ್ನೂ ಬಿಡಬೇಕು. ಖಾಸಗಿ ಸಂದೇಶದ ಬಗ್ಗೆ ನಮ್ಮದು ಕಟ್ಟುನಿಟ್ಟಿನ ನಿಲುವು. ಬೋರ್ಡಿನ ಡಿಸ್ಕಿನಲ್ಲಿದೆ ಎಂದ ಮಾತ್ರಕ್ಕೆ ಇಬ್ಬರ ನಡುವಿನ ಮಾತನ್ನು ಯಂತ್ರ ಜಾಲಾಡಬಾರದು. ಅದಕ್ಕೇ ಏರಿಯಾಗಳ ಪಟ್ಟಿಯಲ್ಲಿ 'ಎಲ್ಲವೂ' ಎನ್ನುವ ಆಯ್ಕೆಯನ್ನೇ ಇಡಲಿಲ್ಲ. ಒಂದೊಂದು ಹೆಸರನ್ನೂ ಕೈಯಾರೆ ಬರೆಯಬೇಕು. ಒಬ್ಬರಿಂದೊಬ್ಬರಿಗೆ ಹೋಗುವ ಅಂಚೆಯ ನೆಟ್‌ಮೇಲ್ ಏರಿಯಾ ಆ ಪಟ್ಟಿಗೆ ಬರುವುದೇ ಇಲ್ಲ. ಸ್ಕ್ಯಾನ್ ನಡೆಯುತ್ತದೆ ಎಂಬುದನ್ನು ಬಳಕೆದಾರರಿಗೆ ಕಾಣುವ ಪ್ರಕಟಣೆಯಲ್ಲಿ ಹೇಳಿಡುವುದೂ ಅಗತ್ಯ.

ಇನ್ನು ಪಠ್ಯ ತೊಳೆಯುವ ಕೆಲಸ. ಸ್ಕ್ಯಾನರಿನ ಗುಣ ನಿಲ್ಲುವುದು ಇಲ್ಲಿ.

ಎಕೋಮೇಲ್ ಸಂದೇಶದಲ್ಲಿ ಬರೆದವರ ಮಾತಿನ ಜೊತೆಗೆ ಸಾಗಾಟದ ಗುರುತುಗಳೂ ಇರುತ್ತವೆ. ಬೆಲೆ 1 ಇರುವ ಬೈಟಿನಿಂದ ಶುರುವಾಗುವ, ತಂತ್ರಾಂಶಕ್ಕೆಂದೇ ಬರೆದ ಕ್ಲಡ್ಜ್ ಸಾಲುಗಳು, ಸಂದೇಶ ಈಗಾಗಲೇ ತಲುಪಿದ ನೋಡ್‌ಗಳ ಸೀನ್‌ಬೈ ಸಾಲುಗಳು, ಮೂರು ಅಡ್ಡಗೆರೆಯ ಟಿಯರ್‌ಲೈನ್, ಯಾವ ಬೋರ್ಡಿನಿಂದ ಬಂತೆಂದು ಹೇಳುವ, ನಕ್ಷತ್ರ ಹಾಕಿದ ಒರಿಜಿನ್ ಸಾಲು, ಕೊನೆಗೆ ಅಂಟಿಸುವ ಚುಟುಕು ಮಾತಿನ, ಮೂರು ಚುಕ್ಕೆಯ ಟ್ಯಾಗ್‌ಲೈನ್. ಜಾಮ್‌ನಲ್ಲಿ ಕ್ಲಡ್ಜ್‌ಗಳೂ ಸೀನ್‌ಬೈಗಳೂ ಹೆಡರಿನ ಉಪಕ್ಷೇತ್ರಗಳಿಗೆ ಹೋಗಿರುತ್ತವೆ, ಆದ್ದರಿಂದ ಪಠ್ಯ ಅಷ್ಟರ ಮಟ್ಟಿಗೆ ಶುದ್ಧ. ಉಳಿದ ಮೂರನ್ನು ನಾವೇ ತೆಗೆಯಬೇಕು. ಬಿಟ್ಟರೆ ಏನಾಗುತ್ತದೆ? 'ಮೋಡೆಮ್' ಎಂದು ಕೀವರ್ಡ್ ಕೊಟ್ಟಿದ್ದೀರಿ, ಯಾವುದೋ ಬೋರ್ಡಿನ ಹೆಸರಿನಲ್ಲೇ ಮೋಡೆಮ್ ಇದೆ ಎನ್ನಿ. ಅಲ್ಲಿಂದ ಬಂದ ಪ್ರತಿ ಸಂದೇಶದ ಒರಿಜಿನ್ ಸಾಲಿನಲ್ಲೂ ಆ ಹೆಸರು ಇರುತ್ತದೆ, ಅಡುಗೆಯ ಬಗ್ಗೆ ಬರೆದರೂ ವರದಿಗೆ ಬಂದು ಬೀಳುತ್ತದೆ. ಒರಿಜಿನ್ ಸಾಲನ್ನು ಕೆಳಗಿನಿಂದ ಮೇಲಕ್ಕೆ ಹುಡುಕಿ. ಮೇಲಿನಿಂದ ಹುಡುಕಿದರೆ ಯಾರಾದರೂ ಮಾತಿನ ನಡುವೆ ಉದಾಹರಣೆಗೆಂದು ಕೊಟ್ಟ ಒರಿಜಿನ್ ಸಾಲಿಗೇ ಪಠ್ಯ ಮೊಟಕಾಗುತ್ತದೆ.

ಉದ್ಧರಿಸಿದ ಸಾಲುಗಳದ್ದು ಇದಕ್ಕಿಂತ ದೊಡ್ಡ ಕಾಟ. ಒಬ್ಬರು ಒಂದು ಪದ ಬಳಸುತ್ತಾರೆ, ಹನ್ನೆರಡು ಜನ ಆ ಸಾಲನ್ನು ಎತ್ತಿಕೊಂಡು ಉತ್ತರ ಬರೆಯುತ್ತಾರೆ, ವರದಿಯಲ್ಲಿ ಹದಿಮೂರು ನಮೂದು. ಫಿಡೋ ರೂಢಿಯಲ್ಲಿ ಉದ್ಧರಣೆಯ ಸಾಲು ಹೆಸರಿನ ಮೊದಲಕ್ಷರಗಳು, ಆಮೇಲೆ '>' ಎಂದು ಶುರುವಾಗುತ್ತದೆ. ಸಾಲಿನ ಮೊದಲ ಹತ್ತು ಅಕ್ಷರದೊಳಗೆ ಈ ಗುರುತು ಇದ್ದು, ಅದರ ಹಿಂದೆ ಖಾಲಿಜಾಗ ಮತ್ತು ಅಕ್ಷರಗಳು ಮಾತ್ರ ಇದ್ದರೆ ಉದ್ಧರಣೆ ಎಂದು ಎಣಿಸಿದೆವು. ಅಂಕಿ ಬಂದರೆ ಇಲ್ಲ; ಇಲ್ಲವಾದರೆ '5 > 3' ಎಂದು ಬರೆದದ್ದೂ ಮಾಯವಾಗುತ್ತದೆ. ಆದರೆ ಎಲ್ಲ ಕೀವರ್ಡಿಗೂ ಉದ್ಧರಣೆ ಬಿಡುವುದು ಸರಿಯಲ್ಲ. ಮಾಡರೇಟರ್ ತೆಗೆದುಹಾಕಿದ ಸಂದೇಶ ಉತ್ತರಗಳೊಳಗೆ ಇನ್ನೂ ಸುತ್ತುತ್ತಿದೆಯೇ ಎಂದು ನೋಡಬೇಕಾದಾಗ ಉದ್ಧರಣೆಯೇ ಬೇಕಾದದ್ದು. ಹಾಗಾಗಿ ಇದು ಕೀವರ್ಡಿಗೊಂದರಂತೆ ಇರುವ ಆಯ್ಕೆಯಾಗಲಿ.

ಆಮೇಲೆ ಬಣ್ಣದ ಸಂಕೇತಗಳು. ಬೈಟ್ 27, ಚೌಕ ಆವರಣ, ಅಂಕಿಗಳು, ಕೊನೆಗೊಂದು ಅಕ್ಷರ ಇರುವ ಆನ್ಸಿ ಸರಣಿ. ಲಂಬಗೆರೆಯ ಮುಂದೆ ಎರಡಂಕಿಯ ಪೈಪ್ ಸಂಕೇತ. ಪದದ ನಡುವೆಯೇ ಬಣ್ಣ ಬದಲಿಸುವವರಿದ್ದಾರೆ, ಆದ್ದರಿಂದ ಇವುಗಳ ಜಾಗದಲ್ಲಿ ಖಾಲಿಜಾಗ ತುಂಬಬೇಡಿ, ಸುಮ್ಮನೆ ಕಿತ್ತುಹಾಕಿ. ಯುಯುಎನ್‌ಕೋಡ್ ಮಾಡಿದ (ಅಂದರೆ ಅಕ್ಷರಗಳಾಗಿ ಬದಲಿಸಿದ) ಫೈಲ್ ಸಂದೇಶದೊಳಗಿದ್ದರೆ ಆ ಇಡೀ ಭಾಗ ಬಿಡಿ. ಅದರೊಳಗೆ ಮೂರಕ್ಷರದ ಕೀವರ್ಡ್ ಸಿಗುವುದು ಬರೀ ಆಕಸ್ಮಿಕ. ಕೊನೆಗೆ ಸಾಲುಗಳನ್ನು ಬೆಸೆಯಿರಿ. 75 ಅಥವಾ 79 ಅಕ್ಷರಕ್ಕೆ ಸಾಲು ಮುರಿಯುವ ಎಡಿಟರ್‌ಗಳು 'ಸೀರಿಯಲ್ ಪೋರ್ಟ್' ಎಂಬ ಜೋಡಿಪದವನ್ನು ಎರಡು ಸಾಲಿಗೆ ಹಂಚಿರುತ್ತವೆ. ಸಾಲಿನ ಕೊನೆ ಖಾಲಿಜಾಗವಾಗಲಿ. ಖಾಲಿ ಸಾಲು ಮಾತ್ರ ಪ್ಯಾರಾದ ಗಡಿಯಾಗಿ ಉಳಿಯಲಿ. ಈ ಕ್ರಮ ತಿರುಗುಮುರುಗಾದರೆ ಕೆಲಸ ಕೆಡುತ್ತದೆ: ಸಾಲು ಬೆಸೆದ ಮೇಲೆ ಉದ್ಧರಣೆ ಗುರುತಿಸಲು ಬರುವುದಿಲ್ಲ.

ಅಕ್ಷರಸಂಕೇತದ, ಅಂದರೆ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಬಗೆಯ, ವಿಷಯಕ್ಕೆ ಸ್ವಲ್ಪ ನಿಧಾನವಾಗಿ ಬರೋಣ, ಏಕೆಂದರೆ ಕನ್ನಡದಲ್ಲಿ ಬರೆದ ಸಂದೇಶಗಳು ಸದ್ದಿಲ್ಲದೆ ಕೈತಪ್ಪುವುದು ಇಲ್ಲಿ. ಸಂದೇಶ ಯಾವ ಸಂಕೇತದಲ್ಲಿದೆ ಎಂದು ಸಿಎಚ್‌ಆರ್‌ಎಸ್ ಕ್ಲಡ್ಜ್ ಹೇಳುತ್ತದೆ. ಅದು ಇಲ್ಲದಿದ್ದರೆ ಮೊದಲು ಕಟ್ಟುನಿಟ್ಟಾಗಿ ಯುಟಿಎಫ್-8 ಎಂದು ಓದಲು ಯತ್ನಿಸಿ, ಆಗದಿದ್ದರೆ ಹಳೆಯ ಪಿಸಿಗಳ ಸಂಕೇತವಾದ ಕೋಡ್‌ಪೇಜ್ 437 ಎಂದು ಓದುವುದು ವಾಡಿಕೆ. ಇಷ್ಟೇ ಆದರೆ ಒಂದು ಗುಂಡಿ ಬಾಯಿ ತೆರೆದುಕೊಂಡೇ ಇರುತ್ತದೆ. ಫಿಡೋನೆಟ್ಟಿನ ಮೂಲ ನಿಯಮದ ಪ್ರಕಾರ ಬೈಟ್ 141 'ಮೆದು' ಸಾಲುಮುರಿತ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ದಾರಿಯಲ್ಲಿರುವ ಹಳೆಯ ತಂತ್ರಾಂಶ ಅದನ್ನು ಕಂಡಲ್ಲಿ ತೆಗೆದುಹಾಕಬಹುದು. ಯುಟಿಎಫ್-8ರಲ್ಲಿ ಕನ್ನಡದ ಹಲಂತ ಚಿಹ್ನೆ ಮೂರು ಬೈಟ್: 224, 179, 141. ಕೊನೆಯದು ಅದೇ 141!

ಪರಿಣಾಮ ನೋಡಿ. ಒತ್ತಕ್ಷರವಿರುವ ಪ್ರತಿ ಪದವೂ ಮುರಿಯುತ್ತದೆ, ಯುಟಿಎಫ್-8 ಓದು ವಿಫಲವಾಗುತ್ತದೆ, ಪ್ರೋಗ್ರಾಂ ತಾನಾಗಿ 437ಕ್ಕೆ ಜಾರುತ್ತದೆ, ಇಡೀ ಸಂದೇಶ ಗೆರೆಚೌಕಗಳ ರಾಶಿಯಾಗುತ್ತದೆ. ತಪ್ಪಿನ ಸೂಚನೆ ಎಲ್ಲೂ ಬರುವುದಿಲ್ಲ. ಕೀವರ್ಡ್ ಸಿಗಲಿಲ್ಲ ಅಷ್ಟೆ. ಸಮಾಧಾನದ ಸಂಗತಿಯೆಂದರೆ ಇದನ್ನು ಖಚಿತವಾಗಿ ದುರಸ್ತಿ ಮಾಡಬಹುದು. 224, 179 ಬಂದು, ಅದರ ಮುಂದಿನ ಬೈಟ್ 128ರಿಂದ 191ರೊಳಗೆ ಇಲ್ಲವಾದರೆ ಅಲ್ಲಿ ಕಳೆದುಹೋದದ್ದು 141 ಎಂದೇ ಹಿಡಿದು ಸೇರಿಸಿ. 224, 178ರ ಮುಂದೆ 141 ಬರುವ ಸ್ಥಾನದಲ್ಲಿ ಕನ್ನಡದ ಯಾವ ಅಕ್ಷರವೂ ಇಲ್ಲ, ಹಾಗಾಗಿ ಕನ್ನಡದ ಅಕ್ಷರಗಳ ಮಟ್ಟಿಗೆ ಬೇರೆ ಗೊಂದಲಕ್ಕೆ ಎಡೆಯಿಲ್ಲ. ಈ ದುರಸ್ತಿ ಸಂಕೇತ ಬಿಡಿಸುವ ಮೊದಲೇ, ಬೈಟ್ ಮಟ್ಟದಲ್ಲಿ ನಡೆಯಬೇಕು. ನಿಮ್ಮದೇ ಪ್ರೋಗ್ರಾಂ 141ನ್ನು ಕಿತ್ತುಹಾಕುವ ಸಾಲು ಹೊಂದಿದ್ದರೆ ಅದು ಯುಟಿಎಫ್-8 ಅಲ್ಲದ ಸಂದೇಶಗಳಿಗೆ ಮಾತ್ರ ಅನ್ವಯವಾಗಲಿ.

ಬಿಡಿಸಿದ ಪಠ್ಯವನ್ನೂ ಕೀವರ್ಡ್‌ಗಳನ್ನೂ ಒಂದೇ ರೂಪಕ್ಕೆ ತರಬೇಕು. 'ಕೋ' ಎಂಬುದರ ಸ್ವರಚಿಹ್ನೆ ಒಂದೇ ಸಂಕೇತವಾಗಿಯೂ ಇರಬಹುದು, ಮೂರು ಬಿಡಿ ಚಿಹ್ನೆಗಳಾಗಿಯೂ ಇರಬಹುದು. ಕಣ್ಣಿಗೆ ಎರಡೂ ಒಂದೇ, ಹೋಲಿಕೆಗೆ ಬೇರೆ ಬೇರೆ. ಯುನಿಕೋಡಿನ ಎನ್‌ಎಫ್‌ಸಿ (ಬಿಡಿ ಚಿಹ್ನೆಗಳನ್ನು ಕೂಡಿಸಿದ) ರೂಪಕ್ಕೆ ಎರಡೂ ಕಡೆ ಬದಲಾಯಿಸಿದರೆ ಇದು ಬಗೆಹರಿಯುತ್ತದೆ. ಶೂನ್ಯ ಅಗಲದ ಎರಡು ಅಕ್ಷರಗಳನ್ನು, ಅಂದರೆ ಕೂಡಿಸುವುದನ್ನೂ ಬಿಡಿಸುವುದನ್ನೂ, ತೆಗೆದುಬಿಡಿ. ಕೆಲವರು ಟೈಪ್ ಮಾಡುತ್ತಾರೆ, ಕೆಲವರು ಮಾಡುವುದಿಲ್ಲ. ಉಳಿಸಿಕೊಂಡರೆ 'ಪೋರ್ಟ್' ಎಂಬ ಕೀವರ್ಡ್ 'ಪಾಸ್‌ಪೋರ್ಟ್' ಒಳಗೂ ಹೊಸ ಪದದಂತೆ ಸಿಕ್ಕಿಬಿಡುತ್ತದೆ. ಇಂಗ್ಲಿಷ್ ಲಿಪಿಯ ಪದಗಳಿಗೆ ಎರಡೂ ಕಡೆ ಸಣ್ಣಕ್ಷರ ಮಾಡಿದರೆ ಸಾಕು.

ಪದದ ಗಡಿ ನೋಡಲು ರೆಗ್ಯುಲರ್ ಎಕ್ಸ್‌ಪ್ರೆಶನ್ನಿನ (ಪಠ್ಯದಲ್ಲಿ ಮಾದರಿ ಹುಡುಕುವ ಸೂತ್ರದ) ಸಿದ್ಧ ಗುರುತನ್ನು ನಂಬಬೇಡಿ. ಪೈಥಾನ್‌ನ ಮೂಲ ಲೈಬ್ರರಿಯಲ್ಲಿ ಸ್ವರಚಿಹ್ನೆ ಮತ್ತು ಹಲಂತಗಳು ಪದದ ಅಕ್ಷರ ಎಂದು ಲೆಕ್ಕಕ್ಕೆ ಬರುವುದಿಲ್ಲ, ಹಾಗಾಗಿ 'ಬೆಲೆ' ಎಂಬ ಪದದ ಕೊನೆಯಲ್ಲಿ ಅದಕ್ಕೆ ಗಡಿಯೇ ಕಾಣುವುದಿಲ್ಲ. ನಾವು ಗಡಿಯ ಪರೀಕ್ಷೆಯನ್ನು ಯುನಿಕೋಡ್ ವರ್ಗ ನೋಡಿ ಬರೆದುಕೊಂಡೆವು: ಹಿಂದಿನ ಅಕ್ಷರ ವರ್ಣ, ಚಿಹ್ನೆ, ಅಂಕಿ ಯಾವುದೂ ಆಗಿರಬಾರದು. ಇದು ಪದದ ಮುಂಗಡಿ. ಹಿಂಗಡಿಯನ್ನು ಕನ್ನಡದಲ್ಲಿ ಕೇಳುವಂತಿಲ್ಲ, ಪ್ರತ್ಯಯ ಅಂಟಿಕೊಂಡೇ ಬರುತ್ತದೆ: ಬೆಲೆಗೆ, ಬೆಲೆಯಲ್ಲಿ, ಬೆಲೆಯೂ. ಆದರೆ ಒಂದನ್ನು ಕೇಳಬಹುದು. ಕೀವರ್ಡ್ ಅಕಾರದಲ್ಲಿ ಮುಗಿದಿದ್ದರೆ, ಅದರ ಮುಂದೆ ಸ್ವರಚಿಹ್ನೆ ಅಥವಾ ಹಲಂತ ಇರಕೂಡದು. ಈ ಪರೀಕ್ಷೆ ಇಲ್ಲದಿದ್ದರೆ 'ಕಾಲ' ಎಂದು ಹುಡುಕಿದವರಿಗೆ 'ಕಾಲಿಗೆ', 'ಕಾಲುವೆ' ಎಲ್ಲವೂ ಬರುತ್ತವೆ. ಉಕಾರದಲ್ಲಿ ಮುಗಿಯುವ ಪದಗಳಿಗೆ ಇದರ ತಿರುಗು: 'ಮಾರು' ಎಂದು ಕೊಟ್ಟರೆ 'ಮಾರಿದ' ಸಿಗುವುದಿಲ್ಲ. ಕೊನೆಯ ಉಕಾರ ಕಡಿದು 'ಮಾರ್' ಮಟ್ಟಕ್ಕೆ ಹೋದರೆ 'ಮಾರ್ಗ'ವೂ ಬರುತ್ತದೆ. ಬುಡ ಕಡಿಯುವುದಕ್ಕಿಂತ ಬೇಕಾದ ನಾಲ್ಕೈದು ರೂಪಗಳನ್ನು ಬರೆದುಬಿಡುವುದೇ ಲೇಸು.

ಬೇಡದ ರೂಪಗಳ ಪಟ್ಟಿಯೂ ಅಷ್ಟೇ ಮುಖ್ಯ. ಬೋರ್ಡಿನವರಿಗೆ ಮೊದಲು ಬೇಕಾಗುವ ಕೀವರ್ಡ್ 'ನೋಡ್'. ಅದನ್ನು ಹಾಗೇ ಕೊಟ್ಟರೆ ಕನ್ನಡದ ಯಾವ ಏರಿಯಾವೂ ಉಳಿಯುವುದಿಲ್ಲ, ಏಕೆಂದರೆ ಆಡುಮಾತಿನಲ್ಲಿ ಬರೆಯುವವರೆಲ್ಲ ನೋಡ್ತೀನಿ, ನೋಡ್ಕೊಳ್ಳಿ, ನೋಡ್ರಿ, ನೋಡ್ದೆ ಎನ್ನುತ್ತಾರೆ. ನಮ್ಮ ಕೀವರ್ಡ್ ಫೈಲಿನಲ್ಲಿ ಆ ಸಾಲು ಈಗ ಹೀಗಿದೆ:

ನೋಡ್ ; ವಿಷಯ+ಪಠ್ಯ ; ಉದ್ಧರಣೆ=ಇಲ್ಲ ; ಬೇಡ=ನೋಡ್ತ,ನೋಡ್ಕ,ನೋಡ್ರಿ,ನೋಡ್ದ,ನೋಡ್ಬ

ಒಂದು ಸಾಲಿಗೆ ಒಂದು ಕೀವರ್ಡ್, ಅರ್ಧವಿರಾಮದಿಂದ ಬೇರ್ಪಡಿಸಿದ ಆಯ್ಕೆಗಳು. ಫೈಲ್ ಉಳಿಸುವಾಗ ಕೆಲವು ಎಡಿಟರ್‌ಗಳು ಮೊದಲಲ್ಲಿ ಮೂರು ಬೈಟಿನ ಗುರುತೊಂದನ್ನು ಸೇರಿಸುತ್ತವೆ; ಅದನ್ನು ತೆಗೆಯದಿದ್ದರೆ ಮೊದಲ ಕೀವರ್ಡ್ ಎಂದಿಗೂ ಸಿಗದು. ಖಾಲಿ ಸಾಲನ್ನು ಕೀವರ್ಡ್ ಎಂದು ಓದುವ ಪ್ರೋಗ್ರಾಂ ಪ್ರತಿ ಸಂದೇಶಕ್ಕೂ ಹೊಂದಿಕೆಯಾಯಿತು ಎನ್ನುತ್ತದೆ, ಅದನ್ನೂ ತಡೆಯಿರಿ. ಕೀವರ್ಡ್ ಕೆಲವು ನೂರರೊಳಗಿದ್ದರೆ ಒಂದೊಂದಾಗಿ ಹುಡುಕಿದರೂ ಇಂದಿನ ಯಂತ್ರಕ್ಕೆ ಭಾರವಲ್ಲ. ಸಾವಿರಾರು ಆದರೆ ಆಹೋ ಮತ್ತು ಕೊರಾಸಿಕ್ 1975ರಲ್ಲಿ ಪ್ರಕಟಿಸಿದ ವಿಧಾನ ಬಳಸಿ. ಪಠ್ಯವನ್ನು ಒಂದೇ ಸಲ ಓದಿ ಎಲ್ಲ ಪದಗಳನ್ನೂ ಹಿಡಿಯುತ್ತದೆ.

ಸಿಸಾಪ್ (ಬೋರ್ಡ್ ನಡೆಸುವವರು) ಅಲ್ಲದೆ ಬಳಕೆದಾರರಾಗಿಯೇ ಇದನ್ನು ಮಾಡಬಯಸುವವರು ಕ್ಯೂಡಬ್ಲ್ಯೂಕೆ ಪ್ಯಾಕೆಟ್ (ಬೋರ್ಡು ಒಟ್ಟಿಗೆ ಕಟ್ಟಿಕೊಡುವ ಸಂದೇಶಗಳ ಕಂತೆ) ಇಳಿಸಿಕೊಂಡು ಸ್ಕ್ಯಾನ್ ಮಾಡಬಹುದು. ಅಲ್ಲಿ ಎಲ್ಲವೂ 128 ಬೈಟ್‌ಗಳ ತುಂಡು, ಸಾಲಿನ ಕೊನೆಗೆ ಬೈಟ್ 227. ವಿಷಯಕ್ಕೆ ಇರುವುದು 25 ಬೈಟ್ ಮಾತ್ರ. ಕನ್ನಡದ ಪ್ರತಿ ವರ್ಣಕ್ಕೂ ಚಿಹ್ನೆಗೂ ಮೂರು ಮೂರು ಬೈಟ್ ಬೇಕಾಗುವುದರಿಂದ ಎಂಟರ ಆಚೆ ಹಿಡಿಸುವುದಿಲ್ಲ. ವಿಷಯದಲ್ಲಿ ಹುಡುಕುವ ಆಸೆ ಬಿಟ್ಟು ಪಠ್ಯವನ್ನೇ ನಂಬಬೇಕು.

ಎಲ್ಲಿಯವರೆಗೆ ಸ್ಕ್ಯಾನ್ ಆಯಿತು ಎಂಬುದನ್ನು ಜೆಎಲ್‌ಆರ್‌ನಲ್ಲಿ ಇಡಬಹುದು, ನಾವು ಪ್ರತ್ಯೇಕ ಫೈಲಿನಲ್ಲಿಟ್ಟೆವು. ಜೆಎಲ್‌ಆರ್ ಓದುಗರ ಸ್ವತ್ತು. ಅದನ್ನು ಕೆಡಿಸಿದರೆ ಬಳಕೆದಾರರ ಓದಿನ ಗುರುತುಗಳು ಹಾಳಾಗುತ್ತವೆ. ಪ್ರತಿ ಏರಿಯಾಗೆ ನಾಲ್ಕು ವಿವರ ಬರೆದಿಡಿ: ಏರಿಯಾದ ಹೆಸರು, ಬದಲಾವಣೆಯ ಕೌಂಟರ್, ಕೊನೆಯ ಸಂದೇಶದ ಸಂಖ್ಯೆ, ಆ ಸಂದೇಶದ ಮೆಸೇಜ್ ಐಡಿ (ಅದೊಂದಕ್ಕೇ ಸೇರಿದ ಗುರುತು). ನಾಲ್ಕನೆಯದು ಏಕೆಂದರೆ, ಬೇಸ್ ಪ್ಯಾಕ್ ಮಾಡುವ (ಅಳಿಸಿದ ಸಂದೇಶಗಳ ಜಾಗ ತೆಗೆಯುವ) ಯುಟಿಲಿಟಿಗೆ ಮರುಸಂಖ್ಯೆ ಕೊಡಲು ಹೇಳಿದ್ದರೆ ಸಂದೇಶ 8200 ಇದ್ದದ್ದು 1200 ಆಗುತ್ತದೆ. 8200ರ ಆಚೆಯದನ್ನು ಕಾಯುತ್ತಾ ಕೂತ ಸ್ಕ್ಯಾನರ್ ಏಳು ಸಾವಿರ ಹೊಸ ಸಂದೇಶ ಬರುವವರೆಗೆ ಸುಮ್ಮನಿರುತ್ತದೆ. ಉಳಿಸಿಟ್ಟ ಸಂಖ್ಯೆಯಲ್ಲಿ ಬೇರೆ ಐಡಿ ಕಂಡರೆ ಬೇಸಿನ ಕೊನೆಯಿಂದ ಹಿಂದಕ್ಕೆ ನಡೆದು ಆ ಐಡಿ ಹುಡುಕಿ. ಸಿಗದಿದ್ದರೆ ಎಲ್ಲವನ್ನೂ ಮತ್ತೆ ಸ್ಕ್ಯಾನ್ ಮಾಡಿ.

ಈ ಫೈಲನ್ನು ಬರೆಯುವ ಹೊತ್ತೂ ಮುಖ್ಯ. ವರದಿ ಡಿಸ್ಕಿಗೆ ಸೇರಿದ ಮೇಲೆಯೇ ಬರೆಯಿರಿ, ಅದೂ ಬೇರೆ ಹೆಸರಿನಲ್ಲಿ ಬರೆದು ಆಮೇಲೆ ಹೆಸರು ಬದಲಿಸಿ. ನಡುವೆ ವಿದ್ಯುತ್ ಹೋದರೆ ಒಂದೆರಡು ನಮೂದು ಎರಡು ಸಲ ಬರಬಹುದು, ಅಷ್ಟೇ. ಮೊದಲೇ ಬರೆದರೆ ಆ ಸಂದೇಶಗಳನ್ನು ಮತ್ತೆ ಯಾರೂ ನೋಡುವುದಿಲ್ಲ.

ವರದಿಯನ್ನು ಸಿಸಾಪ್ ಮಾತ್ರ ಓದುವ ಸ್ಥಳೀಯ ಏರಿಯಾಗೆ ಸಂದೇಶವಾಗಿ ಹಾಕುವುದು ಅನುಕೂಲ. ಪ್ರತಿ ಹೊಂದಿಕೆಗೂ ಏರಿಯಾ, ಸಂಖ್ಯೆ, ಬರೆದವರು, ದಿನಾಂಕ, ಪದ ಸಿಕ್ಕ ಸಾಲು, ಅದರ ಹಿಂದೆ ಮುಂದೆ ಒಂದೊಂದು ಸಾಲು. ಪದ ಮಾತ್ರ ಕೊಟ್ಟರೆ ಪ್ರತಿಯೊಂದನ್ನೂ ತೆರೆದು ನೋಡಬೇಕಾಗುತ್ತದೆ. ಮೂರು ಸಾಲು ಇದ್ದರೆ ಬಹುತೇಕ ನಮೂದುಗಳ ತೀರ್ಮಾನ ಅಲ್ಲೇ ಆಗುತ್ತದೆ. ಆ ವರದಿಯ ಏರಿಯಾ ಸ್ಕ್ಯಾನ್ ಪಟ್ಟಿಯಲ್ಲಿ ಇರಲೇಬಾರದು. ಇದ್ದರೆ ವರದಿಯೊಳಗಿನ ಕೀವರ್ಡನ್ನೇ ಕಂಡು ಇನ್ನೊಂದು ವರದಿ, ಅದನ್ನು ಕಂಡು ಮತ್ತೊಂದು, ಡಿಸ್ಕ್ ತುಂಬುವವರೆಗೆ. ಎತ್ತಿ ತೋರಿಸುವ ಸಾಲಿನಲ್ಲಿ ಟಿಯರ್‌ಲೈನ್ ಇದ್ದರೆ ನಡುವಿನ ಗೆರೆಯನ್ನು '+' ಮಾಡಿ, ಒರಿಜಿನ್ನಿನ ನಕ್ಷತ್ರವನ್ನೂ ಹಾಗೆಯೇ ಬದಲಿಸಿ. ಟಾಸರ್‌ಗಳು (ಬಂದ ಅಂಚೆಯನ್ನು ಏರಿಯಾಗಳಿಗೆ ಹಂಚುವ ಪ್ರೋಗ್ರಾಂಗಳು) ಅದನ್ನು ನಿಜವಾದದ್ದೆಂದು ಓದದಿರಲು ಫಿಡೋದಲ್ಲಿ ಮೊದಲಿನಿಂದ ಇರುವ ಪದ್ಧತಿ ಇದು. ಹಳೆಯ ಕೆಲವು ಓದುವ ತಂತ್ರಾಂಶಗಳು ಉದ್ದದ ಸಂದೇಶವನ್ನು ಮೊಟಕು ಮಾಡುತ್ತವೆ. ವರದಿ 14 ಕೆಬಿ ಮೀರಿದರೆ ಎರಡಾಗಿ ಒಡೆಯುವುದು ಕ್ಷೇಮ.

ಪರೀಕ್ಷೆಗೆ ಒಂದು ಖಾಲಿ ಏರಿಯಾ ಮಾಡಿ, ಕೀವರ್ಡ್ ಒಂದೊಂದು ಜಾಗದಲ್ಲಿ ಅಡಗಿರುವ ಸಂದೇಶಗಳನ್ನು ಹಾಕಿ: ವಿಷಯದಲ್ಲಿ ಮಾತ್ರ, ಉದ್ಧರಣೆಯಲ್ಲಿ ಮಾತ್ರ, ಒರಿಜಿನ್ನಿನಲ್ಲಿ ಮಾತ್ರ, ಎರಡು ಸಾಲಿಗೆ ಹಂಚಿದ್ದು, ನಡುವೆ ಬಣ್ಣದ ಸಂಕೇತವಿದ್ದದ್ದು, 141 ಕಳೆದುಕೊಂಡದ್ದು, ಅಳಿಸಿದ್ದು, ಖಾಸಗಿ ಗುರುತಿನದು. ಯಾವುದು ವರದಿಗೆ ಬರಬೇಕು, ಯಾವುದು ಬರಬಾರದು ಎಂದು ಮೊದಲೇ ಬರೆದಿಟ್ಟು ಹೋಲಿಸಿ. ಕೋಡ್ ಬದಲಿಸಿದಾಗಲೆಲ್ಲ ಇದನ್ನೇ ಮತ್ತೆ ಓಡಿಸಿ.

ಗಡಿಯಾರ ನೋಡಿ ಓಡಿಸುವುದಕ್ಕಿಂತ ಟಾಸರ್ ಮುಗಿದ ಕೂಡಲೇ ಓಡಿಸುವುದು ಒಳ್ಳೆಯದು. ಟಾಸರ್ ಬರೆಯುತ್ತಿರುವಾಗ ಓದಿದರೆ ಇಂಡೆಕ್ಸ್ ಬಂದಿರುತ್ತದೆ, ಪಠ್ಯ ಪೂರ್ತಿ ಬಂದಿರುವುದಿಲ್ಲ. ಅರ್ಧ ಸಂದೇಶ ನೋಡಿ 'ಆಯಿತು' ಎಂದು ಗುರುತು ಮಾಡಿದಂತಾಗುತ್ತದೆ. ಟಾಸರ್ ಕರೆಯುವ ಸ್ಕ್ರಿಪ್ಟಿನಲ್ಲೇ ಮುಂದಿನ ಸಾಲಾಗಿ ಸ್ಕ್ಯಾನರ್ ಇರಲಿ, ಒಂದು ನಡೆಯುವಾಗ ಇನ್ನೊಂದನ್ನು ತಡೆಯಲು ಎರಡಕ್ಕೂ ಒಂದೇ ಲಾಕ್ ಫೈಲ್ ಇರಲಿ. ಹಳೆಯ ಸಂದೇಶ ಅಳಿಸುವುದು ಮತ್ತು ಪ್ಯಾಕ್ ಮಾಡುವುದು ಸ್ಕ್ಯಾನರ್ ಮುಗಿದ ಮೇಲೆ, ಅದೇ ಲಾಕ್‌ನೊಳಗೆ ನಡೆಯಲಿ. ಸ್ಕ್ಯಾನರ್ ತಪ್ಪಿನೊಂದಿಗೆ ನಿಂತರೆ ಸ್ಕ್ರಿಪ್ಟ್ ಅಲ್ಲಿಗೇ ನಿಲ್ಲಬೇಕು, ಪ್ಯಾಕ್ ಮಾಡಕೂಡದು.